ಐವತ್ತಾರು ಕಿಲೋ ಇನ್ನೂರು ಗ್ರಾಂ

ಗುಂಜಿಯಣ್ಣನ ಹೆಂಡತಿಗೆ ಬೀದಿಯವರು ಇಟ್ಟ ಹೆಸರು ಪತ್ತೇದಾರಮ್ಮ. ಅವಳಿಗೆ ಗೊತ್ತಾಗದಂತೆ ಇಟ್ಟಿದ್ದೇವೆ ಎಂದು ಅವರು ತಿಳಿದಿದ್ದರು, ಪಾಪ. ಇಟ್ಟ ವಾರದಲ್ಲೇ ಅದು ಅವಳ ಕಿವಿಗೆ ಬಿದ್ದಿತ್ತು, ಇಟ್ಟವರು ಯಾರು ಎನ್ನುವುದೂ ಸೇರಿ. ಹಾಲಿನವನು ಎರಡು ನಿಮಿಷ ತಡವಾಗಿ ಬಂದರೆ ಹಾಲನ್ನು ಮೂಸಿ ನೋಡುವವಳು ಅವಳು. ಪಕ್ಕದ ಮನೆಯಾಕೆ ಸುಮ್ಮನೆ ನಕ್ಕರೆ, ಇವತ್ತು ಏನು ಕೇಳಲು ಬರುತ್ತಾಳೋ ಎಂದು ಬಾಗಿಲಲ್ಲಿ ಕಾಯುವವಳು. ಹಾಗಂತ ಕೆಟ್ಟವಳೇನಲ್ಲ. ಕಸುಬು ಅವಳನ್ನು ಹಾಗೆ ಮಾಡಿತ್ತು.

ಗಂಡ ಹೆಂಡತಿ ಸೇರಿ ಮೂವತ್ತು ವರ್ಷದಿಂದ ತಕ್ಕಡಿ ರಿಪೇರಿಯ ಅಂಗಡಿ ನಡೆಸುತ್ತಿದ್ದರು. ಮೀನಿನವರು, ತರಕಾರಿಯವರು, ಗುಜರಿಯವರು, ಹಿಟ್ಟಿನ ಗಿರಣಿಯವರು, ಎಲ್ಲರ ತಕ್ಕಡಿಯೂ ಒಂದಲ್ಲ ಒಂದು ದಿನ ಅವರ ಮೇಜಿನ ಮೇಲೆ ಅಂಗಾತ ಮಲಗಲೇಬೇಕು. ಅವನು ಬಿಚ್ಚಿ, ಅರದಿಂದ ಉಜ್ಜಿ, ಸ್ಪ್ರಿಂಗು ಬದಲಾಯಿಸಿ ಕೂಡಿಸುತ್ತಿದ್ದ. ಅವಳು ಹಿತ್ತಾಳೆಯ ತೂಕದ ಬಟ್ಟುಗಳನ್ನಿಟ್ಟು ಸರಿಯಾಯಿತೋ ಇಲ್ಲವೋ ಎಂದು ಪರೀಕ್ಷಿಸುತ್ತಿದ್ದಳು. ತಟ್ಟೆಯ ಅಡಿಗೆ ಅಂಟಿಸಿದ ಮೇಣ, ಮುಳ್ಳಿನ ಬುಡಕ್ಕೆ ಸಿಕ್ಕಿಸಿದ ಬೆಂಕಿಕಡ್ಡಿ, ಹೊಟ್ಟೆ ಕೊರೆಸಿಕೊಂಡ ಬಟ್ಟು, ಇಂಥ ಎಷ್ಟೋ ಕಳ್ಳಾಟಗಳನ್ನು ಅವಳು ಹಿಡಿದು ಅವುಗಳ ಯಜಮಾನರ ಮುಖಕ್ಕೇ ಹಿಡಿದಿದ್ದಳು. ಗುಂಜಿಯಷ್ಟು ವ್ಯತ್ಯಾಸವಿದ್ದರೂ ತಕ್ಕಡಿಯನ್ನು ವಾಪಸು ಕೊಡುವುದಿಲ್ಲ ಎನ್ನುವ ಹಟಕ್ಕೆ ಗಂಡನಿಗೆ ಗುಂಜಿಯಣ್ಣ ಎಂಬ ಹೆಸರು ಅಂಟಿತ್ತು. ಅವನ ನಿಜವಾದ ಹೆಸರು ಅವನಿಗೇ ಮರೆತಿರಬೇಕು ಎಂದು ಜನ ತಮಾಷೆ ಮಾಡುತ್ತಿದ್ದರು.

ಇಂಥವನಿಗೆ ದೊಡ್ಡಕರುಳಿನಲ್ಲಿ ಕ್ಯಾನ್ಸರ್ ಇದೆ ಎಂದು ಗೊತ್ತಾದಾಗ ಅವನು ಒಂದೇ ಒಂದು ಮಾತೂ ಆಡಲಿಲ್ಲ. ಡಾಕ್ಟರಮ್ಮನಿಗೆ ತಲೆಯಾಡಿಸಿ, ಮನೆಗೆ ಬಂದು, ಕೈಕಾಲು ತೊಳೆದು, ಅರ್ಧಕ್ಕೆ ನಿಂತಿದ್ದ ಗಿರಣಿಯವನ ತಕ್ಕಡಿಯ ಮುಂದೆ ಕೂತ. ಮಾತೆಲ್ಲ ಆಡಿದವಳು ಅವಳು. ಬಾಟಲಿ ಬದಲಾಗಿರಬೇಕು ಎಂದಳು. ಬೇರೆಯವರ ರಿಪೋರ್ಟು ಇವರ ಕೈಗೆ ಕೊಟ್ಟಿದ್ದಾರೆ ಎಂದಳು. ಇನ್ನೊಂದು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದಳು. ಅಲ್ಲೂ ಅದೇ ಬಂದಾಗ, ಎರಡೂ ಲ್ಯಾಬಿನವರು ಬೀಗರಿರಬೇಕು ಎಂದಳು. ಮೂರನೆಯ ದಿನ ಬಟ್ಟೆ ಒಗೆಯುತ್ತಾ ಒಗೆಯುತ್ತಾ, ಅವನ ಅಂಗಿಯನ್ನು ಎದೆಗೆ ಒತ್ತಿಕೊಂಡು ನಲ್ಲಿಯ ಕೆಳಗೆ ಕೂತು ಅತ್ತಳು. ಆಮೇಲೆ ಮತ್ತೆ ಅನುಮಾನ ಪಡಲಿಲ್ಲ. ಆ ಒಂದು ವಿಷಯದಲ್ಲಿ ಮಾತ್ರ.

ಆಪರೇಷನ್ ಆಯಿತು. ಎರಡು ವಾರಕ್ಕೊಮ್ಮೆ, ಮಂಗಳವಾರ, ಎಂಟು ಸಲ ಔಷಧಿಯ ಡ್ರಿಪ್ಪು ಎಂದು ಗೊತ್ತಾಯಿತು. ಡಾಕ್ಟರಮ್ಮ ಒಂದು ಮಾತು ಒತ್ತಿ ಹೇಳಿದ್ದರು. "ಚೆನ್ನಾಗಿ ತಿನ್ನಬೇಕು. ತೂಕ ಐವತ್ತೆರಡಕ್ಕಿಂತ ಕೆಳಗೆ ಹೋದ್ರೆ ಔಷಧಿ ನಿಲ್ಲಿಸಬೇಕಾಗುತ್ತೆ." ಆಗ ಅವನ ತೂಕ ಐವತ್ತಾರು ಕಿಲೋ ಇನ್ನೂರು ಗ್ರಾಂ.

ಔಷಧಿ ಅವನನ್ನು ಹಿಂಡಿಹಾಕಿತು. ಬಾಯೆಲ್ಲ ಹುಣ್ಣು, ಎರಡು ತುತ್ತು ಒಳಗೆ ಹೋದರೆ ಮೂರು ತುತ್ತು ಹೊರಗೆ. ತಣ್ಣಗಿನದೇನು ಮುಟ್ಟಿದರೂ ಬೆರಳ ತುದಿಗೆ ಕರೆಂಟು ಹೊಡೆದ ಹಾಗಾಗುತ್ತಿತ್ತು. ಹಿತ್ತಾಳೆಯ ಬಟ್ಟನ್ನು ಬರಿಗೈಯಲ್ಲಿ ಮುಟ್ಟಲಾರದೆ ಉಲ್ಲನ್ನಿನ ಕೈಗವಸು ಹಾಕಿಕೊಂಡು ಅಂಗಡಿಯಲ್ಲಿ ಕೂರುವ ಗುಂಜಿಯಣ್ಣನನ್ನು ನೋಡಿ, ಮೀನಿನವನು "ಏನಣ್ಣಾ, ಹಿಮದ ಮೇಲೆ ಜಾರೋಕೆ ಹೊರಟ್ಯಾ?" ಎಂದು ನಕ್ಕು, ಅವಳ ಮುಖ ನೋಡಿ ನಗು ನುಂಗಿಕೊಂಡ.

ಅವಳ ಮೂಗಿಗೆ ಮೊದಲ ವಾಸನೆ ಹತ್ತಿದ್ದು ಆಸ್ಪತ್ರೆಯ ಚೀಟಿಗಳಿಂದ. ನಾಲ್ಕನೆಯ ಡ್ರಿಪ್ಪಾದ ಮರುದಿನ ಎಲ್ಲವನ್ನೂ ಒಂದು ಕಡೆ ಹೊಂದಿಸಿಡುತ್ತಿದ್ದಳು. ಮೊದಲ ಸಲ, ತೂಕ 56.2. ಎರಡನೆಯ ಸಲ 56.2. ಮೂರನೆಯ ಸಲ 56.2. ನಾಲ್ಕನೆಯ ಸಲವೂ 56.2.

ಬೇರೆ ಯಾರಾದರೂ ಆಗಿದ್ದರೆ ಸದ್ಯ, ತೂಕ ಇಳಿದಿಲ್ಲವಲ್ಲ ಎಂದು ನಿಟ್ಟುಸಿರು ಬಿಡುತ್ತಿದ್ದರು. ಇವಳು ನಾಲ್ಕೂ ಚೀಟಿಗಳನ್ನು ಬೆಳಕಿಗೆ ಹಿಡಿದು ನೋಡಿದಳು. ಮನುಷ್ಯನ ಮೈ ಅಕ್ಕಿಯ ಮೂಟೆಯಲ್ಲ. ಒಂದು ಲೋಟ ನೀರು ಕುಡಿದರೆ ಏರುತ್ತದೆ, ಒಂದು ಸಲ ಬಚ್ಚಲಿಗೆ ಹೋಗಿಬಂದರೆ ಇಳಿಯುತ್ತದೆ. ಏನೂ ಕಾಯಿಲೆಯಿಲ್ಲದ ಗಟ್ಟಿಮುಟ್ಟಾದ ಆಳೇ ಎರಡು ಸಲ ಒಂದೇ ತೂಕಕ್ಕೆ ನಿಲ್ಲುವುದಿಲ್ಲ. ಹೀಗಿರುವಾಗ, ಪ್ಯಾಂಟಿಗೆ ಹೊಸದಾಗಿ ಎರಡು ತೂತು ಕೊರೆದ ಬೆಲ್ಟು ಬಿಗಿದುಕೊಳ್ಳುವ ಗಂಡ, ನಾಲ್ಕು ಸಲ, ಒಂದು ಗುಂಜಿ ಹೆಚ್ಚಿಲ್ಲ ಕಡಿಮೆಯಿಲ್ಲ!

"ರೀ, ಅಂಗಡಿಯ ದೊಡ್ಡ ತಕ್ಕಡಿ ಮೇಲೆ ಒಂದ್ಸಲ ನಿಂತ್ಕೊಳ್ಳಿ ನೋಡೋಣ" ಎಂದಳು.

"ನಾನೇನು ಆಲೂಗಡ್ಡೆನಾ?" ಎಂದ ಅವನು.

"ಅಲ್ರೀ, ಆಸ್ಪತ್ರೆಯವರು ಬರೆದಿದ್ದು ಸರಿಯೋ ಇಲ್ವೋ ಗೊತ್ತಾಗಲಿ ಅಂತ."

"ಅವರಿಗೆ ಮಾಡೋಕೆ ಬೇರೆ ಕೆಲಸ ಇಲ್ವಾ? ನಿನ್ನ ತಲೆಯಲ್ಲಿ ಹುಳ ಬಿಟ್ಟೋರು ಯಾರು?" ಎಂದು ಸಿಡಿದು, ಗೋಡೆಯ ಕಡೆ ತಿರುಗಿ ಮಲಗಿಬಿಟ್ಟ. ಮೂವತ್ತು ವರ್ಷದಲ್ಲಿ ತೂಕ ಹಾಕಲು ಬೇಡ ಎಂದ ಗುಂಜಿಯಣ್ಣನನ್ನು ಅವಳು ನೋಡಿದ್ದು ಅದೇ ಮೊದಲು.

ಅವತ್ತಿನಿಂದ ಅವಳಿಗೆ ಮೈಯೆಲ್ಲ ಕಣ್ಣಾಯಿತು. ಆಸ್ಪತ್ರೆಯವರು ಸುಳ್ಳು ತೂಕ ಬರೆಯುತ್ತಿದ್ದಾರೆ. ಯಾಕೆ? ಇವರದು ಕೈಮೀರಿಹೋಗಿದೆ, ಆದರೂ ಮನೆಯವರು ಗಾಬರಿಯಾಗದಿರಲಿ ಎಂದು ಏನೋ ಒಂದು ಬರೆದು ಸಾಗಹಾಕುತ್ತಿದ್ದಾರೆ. ಅಥವಾ ತೂಕವನ್ನೇ ನೋಡದೆ ಹಳೆಯ ಚೀಟಿಯಿಂದ ನಕಲು ಹೊಡೆಯುತ್ತಿದ್ದಾರೆ. ತೂಕದ ಕೋಣೆಗೆ ಮನೆಯವರನ್ನು ಬಿಡುವುದಿಲ್ಲವಲ್ಲ, ಅದೂ ಯಾಕೆ? ದಪ್ಪ ಕನ್ನಡಕದ ಆ ನರ್ಸು ತನ್ನನ್ನು ಕಂಡಾಗಲೆಲ್ಲ ಮುಖ ತಿರುಗಿಸುತ್ತಾಳಲ್ಲ, ಅದು?

ಇನ್ನು ನಾದಿನಿ. ಗಂಡನ ತಂಗಿ ಎರಡು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ಡ್ರಿಪ್ಪಿನ ಮಂಗಳವಾರ ಬೆಳಗಾದರೆ ಸಾಕು, ಒಂದು ಚೀಲ ಹಿಡಿದು ಹಾಜರು. ಅಣ್ಣ ತಂಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಪಿಸಪಿಸ. ಅತ್ತಿಗೆ ಒಳಗೆ ಬಂದರೆ ಮಾತು ಬಂದ್. "ಏನಿಲ್ಲ ಅತ್ತಿಗೆ, ಅಣ್ಣನ ಬಟ್ಟೆ ಸಡಿಲ ಆಗಿದೆಯಲ್ಲ, ಅಳತೆ ತಗೊಳ್ತಿದ್ದೆ." ಮೂರು ಸಲ ಅಳತೆ ತೆಗೆದುಕೊಂಡು ಒಂದು ಪ್ಯಾಂಟನ್ನೂ ಹೊಲಿದುಕೊಡದ ದರ್ಜಿಯನ್ನು ಪ್ರಪಂಚದಲ್ಲಿ ಯಾರಾದರೂ ಕಂಡಿದ್ದೀರಾ? ತನ್ನಿಂದ ಏನೋ ಮುಚ್ಚಿಡುತ್ತಿದ್ದಾರೆ. ಡಾಕ್ಟರಮ್ಮ ತಂಗಿಗೆ ಹೇಳಿದ್ದಾರೆ, ಹೆಂಡತಿಗೆ ಹೇಳಿಲ್ಲ. ಎಷ್ಟು ದಿನ ಉಳಿದಿದೆಯೋ ಏನೋ. ಅವನು ಹೋಗಿಬಿಡುತ್ತಾನೆ ಎನ್ನುವ ಭಯ ಒಂದು ಕಡೆ, ಹೋಗುವುದು ತನಗೊಬ್ಬಳಿಗೇ ಗೊತ್ತಿಲ್ಲ ಎನ್ನುವ ಸಂಕಟ ಇನ್ನೊಂದು ಕಡೆ.

ಅದೇ ವಾರ ಅವನ ಬೆನ್ನಿಗೆ ಬಿಸಿನೀರಿನ ಬಟ್ಟೆ ಒತ್ತುವಾಗ ಸೊಂಟದ ಪಕ್ಕ ಕಲೆ ಕಂಡಿತು. ನೇರಳೆ ಬಣ್ಣಕ್ಕೆ ತಿರುಗಿದ, ಅಂಗೈಯಗಲದ ದುಂಡನೆಯ ಕಲೆ. ಅದರ ಪಕ್ಕದಲ್ಲಿ ಇನ್ನೊಂದು, ಸ್ವಲ್ಪ ಹಳೆಯದು, ಹಳದಿಯಾಗುತ್ತಿತ್ತು.

"ಇದೇನ್ರೀ ಇದು?"

"ಆಸ್ಪತ್ರೆ ಬೆಂಚಿಗೆ ತಗುಲ್ತು. ರಕ್ತ ತೆಳ್ಳಗಾಗಿರುತ್ತೆ, ಸುಮ್ನೆ ಮುಟ್ಟಿದ್ರೂ ಕಂದುತ್ತೆ ಅಂದಿದ್ರಲ್ಲ."

"ಬೆಂಚು ದುಂಡಗಿರುತ್ತಾ?"

ಅವನು ಅಂಗಿ ಎಳೆದುಕೊಂಡ. ಅವಳು ಮತ್ತೆ ಕೇಳಲಿಲ್ಲ. ಕೇಳಿದರೆ ಎಚ್ಚರಾಗಿಬಿಡುತ್ತಾನೆ ಎಂದು ಸುಮ್ಮನಾದಳು. ಆದರೆ ಮನಸ್ಸಿನಲ್ಲೇ ದಪ್ಪ ಕನ್ನಡಕದ ನರ್ಸಿನ ಜುಟ್ಟು ಹಿಡಿದು ನಾಲ್ಕು ಸುತ್ತು ತಿರುಗಿಸಿದಳು.

ಐದನೆಯ ಡ್ರಿಪ್ಪಿನ ಹಿಂದಿನ ದಿನ, ಸೋಮವಾರ, ರಕ್ತಪರೀಕ್ಷೆ. ಅವನನ್ನು ರಕ್ತ ಕೊಡುವ ಸಾಲಿನಲ್ಲಿ ಕೂರಿಸಿ, "ಟೀ ಕುಡ್ಕೊಂಡು ಬರ್ತೀನಿ" ಎಂದು ಹೇಳಿ ಅವಳು ನೆಟ್ಟಗೆ ನಡೆದದ್ದು ತೂಕದ ಕೋಣೆಗೆ. ಕೈಯಲ್ಲಿದ್ದ ಫ್ಲಾಸ್ಕಿನ ಚೀಲದಲ್ಲಿ ಫ್ಲಾಸ್ಕಿರಲಿಲ್ಲ. ಐದೈದು ಕಿಲೋದ ಎರಡು ಹಿತ್ತಾಳೆಯ ಬಟ್ಟುಗಳಿದ್ದವು. ಅವುಗಳನ್ನು ಹೊತ್ತು ಎರಡು ಮಹಡಿ ಹತ್ತುವಷ್ಟರಲ್ಲಿ ಅವಳ ಭುಜ ಕಿತ್ತು ಕೈಗೆ ಬಂದಿತ್ತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಒಂದು ಬಟ್ಟು ಇಟ್ಟಳು, 5.0. ಎರಡೂ ಇಟ್ಟಳು, 10.0. ಮೂಲೆಗಿಟ್ಟು ನೋಡಿದಳು, ನಡುವಿಗಿಟ್ಟು ನೋಡಿದಳು. ತಾನು ಹತ್ತಿ, ಬಟ್ಟು ಹಿಡಿದು, ಬಟ್ಟು ಬಿಟ್ಟು ನೋಡಿದಳು. ಮೊಣಕಾಲೂರಿ ತಕ್ಕಡಿಯ ಅಡಿಗೆ ಬೆರಳು ಹಾಕಿ ತಡವುತ್ತಿದ್ದಾಗ ಹಿಂದಿನಿಂದ ದನಿ ಬಂತು.

"ಏನಮ್ಮಾ ಅದು? ಬಾಂಬಾ?"

ದಪ್ಪ ಕನ್ನಡಕದ ನರ್ಸು. ಪತ್ತೇದಾರಮ್ಮ ಎದ್ದು ನಿಂತು ಸೆರಗಿಲ್ಲದ ಬಟ್ಟೆಗೂ ಒಮ್ಮೆ ಸೆರಗು ಸರಿಪಡಿಸಿಕೊಂಡಂತೆ ಮಾಡಿದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ನಿಮ್ಮ ತಕ್ಕಡಿ ಸರಿ ಇದೆಯಾ ಅಂತ ನೋಡ್ತಿದ್ದೆ. ಅದೇ ನಮ್ಮ ಕೆಲಸ."

ನರ್ಸು ಬೈಯುತ್ತಾಳೆ ಎಂದುಕೊಂಡಿದ್ದಳು. ಅವಳು ಬಟ್ಟುಗಳನ್ನು ನೋಡಿ, ಇವಳನ್ನು ನೋಡಿ, "ಸರಿ ಇದೆಯಾ?" ಎಂದು ಕೇಳಿದಳು.

"ಕೂದಲೆಳೆಯಷ್ಟೂ ಆಚೆ ಈಚೆ ಇಲ್ಲ."

"ಸದ್ಯ. ನಮಗೆ ಅದೇ ಹೆದರಿಕೆ ನೋಡಿ. ಈ ತಕ್ಕಡಿ ತಪ್ಪಿದ್ರೆ ಔಷಧಿನೇ ತಪ್ಪಿಹೋಗುತ್ತೆ. ಇಲ್ಲಿ ಎಷ್ಟು ತೋರಿಸುತ್ತೋ ಅಷ್ಟು ಮೈಗೆ ಲೆಕ್ಕ ಹಾಕಿ ಕೆಳಗಡೆ ಔಷಧಿ ಕಲಸ್ತಾರೆ. ಹೆಚ್ಚಾದ್ರೆ ಮೈ ತಡ್ಕೊಳ್ಳಲ್ಲ."

ಅವಳು ಬಟ್ಟುಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಗೆ ಬಂದಳು. ಮೆಟ್ಟಿಲು ಇಳಿಯುತ್ತಾ ಲೆಕ್ಕ ಹಾಕಿದಳು. ತಕ್ಕಡಿ ಸರಿಯಿದೆ. ಬರೆಯುವವರೂ ಸರಿಯಿದ್ದಾರೆ. ಹಾಗಾದರೆ ತಕ್ಕಡಿಯ ಮೇಲೆ ನಿಂತವನು?

ಅವನನ್ನು ಮನೆಯಲ್ಲಿ ಮಲಗಿಸಿ, ಬಟ್ಟುಗಳನ್ನಿಡುವ ನೆಪದಲ್ಲಿ ಅಂಗಡಿಗೆ ಬಂದು ಬಾಗಿಲು ತೆಗೆದಳು. ದೊಡ್ಡ ತಕ್ಕಡಿಯ ಸರಳಿಗೆ ನೇತುಹಾಕುವ ಕಬ್ಬಿಣದ ಬಿಲ್ಲೆಗಳ ಪೆಟ್ಟಿಗೆ ಮೇಜಿನ ಕೆಳಗಿತ್ತು. ಒಂದೊಂದು ಬಿಲ್ಲೆಯೂ ಅರ್ಧ ಕಿಲೋ, ಅಂಗೈಯಗಲ, ಚಪ್ಪಟೆ. ಸರಳಿಗೆ ಸಿಕ್ಕಿಸಲೆಂದು ಅಂಚಿನಿಂದ ನಡುವಿನವರೆಗೆ ಒಂದು ಸೀಳು. ಪೆಟ್ಟಿಗೆಯಲ್ಲಿ ಇಪ್ಪತ್ತು ಇರಬೇಕಿತ್ತು. ಏಳಿದ್ದವು. ಒಂದನ್ನು ಕೈಗೆತ್ತಿಕೊಂಡು ನೋಡಿದಳು. ಅವನ ಸೊಂಟದ ಕಲೆಯ ನಡುವೆ, ಅಂಚಿನಿಂದ ಒಳಕ್ಕೆ, ಕಂದದೇ ಉಳಿದ ಬಿಳಿ ಗೀರು ಒಂದಿತ್ತು. ಅದನ್ನು ಆಗಲೇ ನೋಡಿದ್ದಳು, ಏನೆಂದು ಹೊಳೆದಿರಲಿಲ್ಲ. ಈಗ ಹೊಳೆದು, ಬಿಲ್ಲೆ ಹಿಡಿದುಕೊಂಡೇ ಸ್ಟೂಲಿನ ಮೇಲೆ ಕೂತಳು.

ಅಯ್ಯಾ, ತೂಕದ ಕಳ್ಳತನ ಮಾಡಲು ನಿನಗೆ ಬರಲೇ ಇಲ್ಲವಲ್ಲ ಎಂದುಕೊಂಡಳು. ಒಂದು ಸಲ ಐವತ್ತೈದು ಮುಕ್ಕಾಲು, ಇನ್ನೊಂದು ಸಲ ಐವತ್ತಾರೂವರೆ ಎಂದು ತೋರಿಸಿದ್ದರೆ ಯಾವ ಪತ್ತೇದಾರಮ್ಮನ ಅಪ್ಪನಿಗೂ ಗೊತ್ತಾಗುತ್ತಿರಲಿಲ್ಲ. ಆಸ್ಪತ್ರೆಗೆ ಹೊರಡುವ ಮೊದಲು ಅಂಗಡಿಗೆ ಬಂದು, ಗುಟ್ಟಾಗಿ ತೂಗಿಕೊಂಡು, ಕಡಿಮೆ ಬಿದ್ದಷ್ಟನ್ನು ಗುಂಜಿ ಲೆಕ್ಕಕ್ಕೆ ತುಂಬಿಸಿಕೊಂಡಿದ್ದಾನೆ. ಕಳ್ಳತನದಲ್ಲೂ ಅವನ ಕೈ ತಪ್ಪಲಿಲ್ಲ.

ಅಲ್ಲಿಂದ ಎದ್ದವಳು ನಾದಿನಿಯ ಅಂಗಡಿಗೆ ನುಗ್ಗಿದಳು. ನಾದಿನಿ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂತಿದ್ದಳು. ಸೂಜಿಯ ಕೆಳಗಿದ್ದದ್ದು ಪ್ಯಾಂಟಲ್ಲ. ಒಳಗೆ ಉಲ್ಲನ್ನು ಕೊಟ್ಟು ಹೊಲಿದ, ಸಾಲಾಗಿ ಹತ್ತು ಜೇಬಿದ್ದ ಅಗಲವಾದ ಪಟ್ಟಿ. ಅದಕ್ಕೆ ಇನ್ನೂ ಮೂರು ಜೇಬು ಸೇರಿಸಿ ಕೊನೆಯ ಹೊಲಿಗೆ ಹಾಕುತ್ತಿದ್ದಳು, ಕಾಣೆಯಾಗಿದ್ದ ಬಿಲ್ಲೆಗಳು ಪಕ್ಕದಲ್ಲೇ ಇದ್ದವು. ಅತ್ತಿಗೆಯನ್ನು ಕಂಡು ಅವಳ ಕಾಲು ಯಂತ್ರದ ಮೇಲೇ ನಿಂತುಹೋಯಿತು.

"ಹೂಂ, ಹೊಲಿ ಹೊಲಿ, ಯಾಕೆ ನಿಲ್ಲಿಸ್ದೆ? ನಿಮ್ಮಣ್ಣನಿಗೆ ಕಲ್ಲು ಕಟ್ಟಿ ಬಾವಿಗೆ ತಳ್ಳೋಕೆ ಇಷ್ಟು ಅಚ್ಚುಕಟ್ಟಾಗಿ ಹೊಲೀಬೇಕಾ?"

ನಾದಿನಿ ಗೊಳೋ ಎಂದಳು. "ಅಣ್ಣ ಕಾಲು ಹಿಡ್ಕೊಂಡ ಅತ್ತಿಗೆ. ತೂಕ ಇಳಿದ್ರೆ ಔಷಧಿ ನಿಲ್ಲಿಸ್ತಾರೆ, ನಿಲ್ಲಿಸಿದ್ರೆ ನಾನು ಉಳಿಯಲ್ಲ ಅಂದ. ಅಮ್ಮನಿಗೆ ಏನಾಯ್ತು ಹೇಳಿ? ಡಾಕ್ಟ್ರು ಔಷಧಿ ನಿಲ್ಲಿಸಿದ್ರು, ಹದಿನೆಂಟನೇ ದಿನಕ್ಕೆ ಹೋದ್ಲು. ಅವತ್ತು ನಿಲ್ಲಿಸದೇ ಇದ್ದಿದ್ರೆ…"

ಅತ್ತೆ ಹೋಗಿ ಹನ್ನೆರಡು ವರ್ಷವಾಗಿತ್ತು. ಅವರಿಗೂ ಇದೇ ಕಾಯಿಲೆ, ಹೊಟ್ಟೆಯಲ್ಲಿ. ಪತ್ತೇದಾರಮ್ಮ ಆ ಪಟ್ಟಿಯನ್ನು ಯಂತ್ರದಿಂದ ಎಳೆದು, ಬಿಲ್ಲೆಗಳ ಜೊತೆ ಚೀಲಕ್ಕೆ ಹಾಕಿಕೊಂಡಳು. ಔಷಧಿಯನ್ನು ತೂಕ ನೋಡಿ ಕಲಸುತ್ತಾರೆ ಎನ್ನುವುದನ್ನು ಹೇಳಿದಾಗ ನಾದಿನಿಯ ಮುಖ ಬೆಳ್ಳಗಾಯಿತು. "ಅಯ್ಯೋ, ಅದು ಅಣ್ಣನಿಗೂ ಗೊತ್ತಿಲ್ಲ, ನನ್ನಾಣೆಗೂ ಗೊತ್ತಿಲ್ಲ" ಎಂದು ತಲೆ ತಲೆ ಚಚ್ಚಿಕೊಂಡಳು.

ಮಂಗಳವಾರ ಬೆಳಿಗ್ಗೆ ಗುಂಜಿಯಣ್ಣ, "ಒಂದು ಸ್ಕ್ರೂಡ್ರೈವರ್ ಮರೆತು ಬಂದಿದೀನಿ" ಎಂದು ಅಂಗಡಿಗೆ ಹೊರಟ. ಅವಳು ಹಿಂದಿನ ಸಂದಿಯಲ್ಲಿ ಅವನಿಗಿಂತ ಮೊದಲೇ ಹೋಗಿ, ದೊಡ್ಡ ತಕ್ಕಡಿಯ ಹಲಗೆಯ ಮೇಲೆ ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಾಗಿಲು ತೆಗೆದ ಅವನು ಅವಳನ್ನು ನೋಡಿದ, ಪಟ್ಟಿಯನ್ನು ನೋಡಿದ, ಬಾಗಿಲು ಹಾಕಿಕೊಂಡ.

"ಹಿತ್ತಾಳೆ ಮುಟ್ಟಿದ್ರೆ ಕರೆಂಟ್ ಹೊಡೆಯುತ್ತೆ ಅಂತಿದ್ರಿ. ಹತ್ತು ಕಬ್ಬಿಣ ಹೇಗ್ರೀ ಕಟ್ಕೊಂಡ್ರಿ?" ಎಂದಳು.

"ಕಟ್ಕೊಂಡೆ" ಎಂದ. ಅಷ್ಟೇ.

"ಮೂರು ಸಲ ಮೋಸ ಮಾಡಿದೀರ. ತೂಕ ನೋಡಿ ಔಷಧಿ ಕಲಸ್ತಾರಂತೆ. ಇಲ್ಲದ ಮೈಗೆಲ್ಲ ಸೇರಿಸಿ ಔಷಧಿ ಹಾಕ್ಸಿಕೊಂಡಿದೀರ. ಬಾಯಿ ಹುಣ್ಣಾಗಿದ್ದು, ಜ್ವರ ಬಂದಿದ್ದು, ಒಂದು ವಾರ ಎದ್ದು ಕೂರೋಕಾಗದೇ ಇದ್ದಿದ್ದು, ಯಾಕೆ ಅಂತ ಈಗ ಗೊತ್ತಾಯ್ತಾ?"

ಅವನು ಸ್ಟೂಲಿನ ಮೇಲೆ ಕೂತ. ತುಟಿ ಅಲ್ಲಾಡುತ್ತಿತ್ತು. ಏನು ಗೊಣಗುತ್ತಿದ್ದಾನೆ ಎಂದು ಬಗ್ಗಿ ಕೇಳಿದಳು. ಲೆಕ್ಕ ಹಾಕುತ್ತಿದ್ದ. "ಹೋದ ಸಲ ಐವತ್ತೊಂದು ಇನ್ನೂರಿದ್ದೆ. ಐದು ಕಿಲೋ ಕಟ್ಟಿದ್ದೆ. ಹತ್ತಕ್ಕೆ ಒಂದು. ಹತ್ತಕ್ಕೆ ಒಂದು ಜಾಸ್ತಿ ಹೋಗಿದೆ." ನೂರಕ್ಕೆ ಒಂದು ತಪ್ಪಿದರೂ ಮೀನಿನವನನ್ನು ಬೀದಿಯಲ್ಲಿ ನಿಲ್ಲಿಸಿ ಮರ್ಯಾದೆ ತೆಗೆಯುವ ಮನುಷ್ಯ. ತೂಕ ಎಷ್ಟು ಎನ್ನುವುದೊಂದೇ ತಲೆಯಲ್ಲಿ ತುಂಬಿ, ತೂಕ ಯಾಕೆ ಎಂದು ಕೇಳುವುದನ್ನೇ ಮರೆತಿದ್ದ.

ಲೆಕ್ಕ ಮುಗಿಸಿ ತಲೆಯೆತ್ತಿದ. "ಜಾಸ್ತಿ ಹೋದ್ರೆ ಅದು ಬೇಗ ಸಾಯಲ್ವಾ?"

"ಅದರ ಜೊತೆ ನೀವೂ ಸಾಯ್ತೀರ!"

"ನಾಲ್ಕು ಸಲ ಉಳಿದಿದೆ ಕಣೇ. ನಾಲ್ಕೇ ನಾಲ್ಕು. ಹೇಗೋ ಹಲ್ಲು ಕಚ್ಚಿ ಮುಗಿಸ್ತೀನಿ. ನಿಲ್ಲಿಸಿಬಿಟ್ರೆ ಮುಗೀತು. ಇವತ್ತೊಂದು ದಿನ ನೋಡಿಯೂ ನೋಡದ ಹಾಗಿದ್ದುಬಿಡು. ನಿನ್ನ ದಮ್ಮಯ್ಯ."

ಅವಳಿಗೆ ಅವನ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು, ಅವನನ್ನು ಎತ್ತಿ ಮಡಿಲಲ್ಲಿಟ್ಟುಕೊಳ್ಳಬೇಕು ಅನ್ನಿಸಿತು. ಹೇಳಿದರೆ ಔಷಧಿ ನಿಲ್ಲುತ್ತದೆ, ನಿಂತು ಅವನು ಹೋದರೆ ಕೊಂದವಳು ತಾನೇ ಎಂದಾಗುತ್ತದೆ. ಹೇಳದಿದ್ದರೆ ಆ ಔಷಧಿಯೇ ಅವನನ್ನು ತಿಂದುಹಾಕುತ್ತದೆ. ಅಂಗಡಿಯಲ್ಲಿದ್ದ ಯಾವ ತಕ್ಕಡಿಗೂ ಇದನ್ನು ತೂಗಲು ಆಗುತ್ತಿರಲಿಲ್ಲ.

"ನೀವಾಗಿ ಹೇಳಿದ್ರೆ ಸರಿ. ಇಲ್ಲಾಂದ್ರೆ ನಾನೇ ಹೇಳ್ತೀನಿ. ಜಪ್ಪಯ್ಯ ಅಂದ್ರೂ ಬಿಡಲ್ಲ" ಎಂದಳು.

ಅವನು ಎದ್ದು, ಕೈಗವಸು ಹಾಕಿಕೊಂಡು, ಅವಳ ತೊಡೆಯ ಮೇಲಿದ್ದ ಪಟ್ಟಿಯನ್ನು ತೆಗೆದುಕೊಂಡ. ಅವಳ ಚೀಲದಲ್ಲಿದ್ದ ಹದಿಮೂರು ಬಿಲ್ಲೆಗಳನ್ನೂ ತುಂಬಿ, ಅವಳ ಎದುರಿಗೇ ಸೊಂಟಕ್ಕೆ ಕಟ್ಟಿಕೊಂಡು ಅಂಗಿ ಇಳಿಬಿಟ್ಟ. ಆಸ್ಪತ್ರೆಯವರೆಗೂ ಅವಳ ಕಡೆ ತಿರುಗಿ ನೋಡಲಿಲ್ಲ.

ತೂಕದ ಕೋಣೆಯ ಬಾಗಿಲಲ್ಲಿ ದಪ್ಪ ಕನ್ನಡಕದ ನರ್ಸು ಅವಳನ್ನು ಗುರುತು ಹಿಡಿದು, "ತಕ್ಕಡಿಯವರಲ್ವಾ, ಬನ್ನಿ, ನೀವೂ ಬನ್ನಿ" ಎಂದು ಒಳಗೆ ಕರೆದಳು. ಗುಂಜಿಯಣ್ಣ ತಕ್ಕಡಿಯ ಮೇಲೆ ನಿಂತ. 56.2. ನರ್ಸು ಬರೆದುಕೊಳ್ಳಲು ಪೆನ್ನು ತೆಗೆದಳು. ಪತ್ತೇದಾರಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಅವನು, "ಬರೀಬೇಡಿ" ಎಂದ. ಅಂಗಿ ಎತ್ತಿ ಪಟ್ಟಿಯ ಗಂಟು ಬಿಚ್ಚಲು ನೋಡಿದ. ಕೈಗವಸಿನಲ್ಲಿ ಬೆರಳು ಆಡಲಿಲ್ಲ. ಅವಳು ಹೋಗಿ ಬಿಚ್ಚಿದಳು. ಪಟ್ಟಿ ಧಡ್ಡೆಂದು ನೆಲಕ್ಕೆ ಬಿತ್ತು. ತಕ್ಕಡಿ 49.7 ತೋರಿಸಿತು. ಅವನು ಆ ಸಂಖ್ಯೆಯನ್ನು ಒಂದು ಕ್ಷಣ ನೋಡಿ, ಎಲ್ಲಿ ನೋಡಬೇಕೆಂದು ಗೊತ್ತಾಗದೆ ಗೋಡೆಯ ಗಡಿಯಾರದ ಕಡೆ ತಿರುಗಿದ.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ನಿನ್ನೆ ರಕ್ತದಲ್ಲಿ ಬಿಳಿ ಕಣ ಇಷ್ಟು ಕೆಳಗೆ ಹೋಗಿದೆಯಲ್ಲ, ಯಾಕೆ ಅಂತ ನಾವೂ ತಲೆ ಕೆಡಿಸ್ಕೊಂಡಿದ್ವಿ" ಎಂದರು. ಮೂರು ವಾರ ಔಷಧಿ ತಡೆಯುವುದೆಂದೂ, ಮೂಗಿನಿಂದ ಒಂದು ಸಣ್ಣ ನಳಿಗೆ ಇಳಿಸಿ ಅದರಲ್ಲೇ ಆಹಾರ ಕೊಡುವುದೆಂದೂ, ತೂಕ ಏರಿದ ಮೇಲೆ ಮತ್ತೆ ಶುರು ಮಾಡುವುದೆಂದೂ ಹೇಳಿದರು.

"ಮತ್ತೆ ಶುರು ಮಾಡೇ ಮಾಡ್ತೀರಾ? ಏನು ಗ್ಯಾರಂಟಿ?" ಎಂದು ಪತ್ತೇದಾರಮ್ಮ ಕೇಳಿದಳು.

"ಗ್ಯಾರಂಟಿ ಕೊಡೋಕಾಗಲ್ಲಮ್ಮ. ಆದ್ರೆ ಇವತ್ತು ಕೊಟ್ರೆ ಅಪಾಯ ಆಗೋದು ಗ್ಯಾರಂಟಿ."

ಇಬ್ಬರನ್ನೂ ಹೊರಗಿನ ಬೆಂಚಿನಲ್ಲಿ ಕೂರಿಸಿದರು. ನಳಿಗೆ ಹಾಕಲು ಕರೆಯುವವರೆಗೆ ಕಾಯಬೇಕಿತ್ತು. ಬೆಂಚಿನ ಎದುರಿಗೆ ಸುಣ್ಣ ಬಳಿದ ಗೋಡೆ, ಪಕ್ಕದಲ್ಲಿ ನೀರಿನ ಯಂತ್ರ, ಯಾರೋ ಬಿಟ್ಟುಹೋದ ಕೊಡೆ. ಅವನು ಬೈಯುತ್ತಾನೆ ಎಂದು ಅವಳು ಕಾದಳು. ನೀನು ನನ್ನನ್ನು ಮುಗಿಸಿದೆ ಎನ್ನುತ್ತಾನೆ ಎಂದು ಕಾದಳು. ಏನೆಂದರೂ ಎದುರು ಮಾತಾಡಬಾರದು ಎಂದು ನಾಲಿಗೆ ಕಚ್ಚಿ ಹಿಡಿದಿದ್ದಳು.

"ಅಮ್ಮನಿಗೆ ಔಷಧಿ ನಿಲ್ಲಿಸಿದ್ದು ಡಾಕ್ಟ್ರಲ್ಲ" ಎಂದ ಅವನು, ಗೋಡೆಯನ್ನೇ ನೋಡುತ್ತಾ.

"ಮತ್ತೆ?"

"ನಾನು."

ಅವಳು ತಿರುಗಿ ನೋಡಿದಳು.

"ಇನ್ನೆರಡು ಸಲ ಕೊಟ್ಟು ನೋಡ್ಬಹುದು, ನಿಮ್ಮಿಷ್ಟ ಅಂದಿದ್ರು ಡಾಕ್ಟ್ರು. ನೀವೆಲ್ಲ ಹೊರಗಿದ್ರಿ. ಅಮ್ಮ ಕೂಗ್ತಿದ್ಲು, ಸಾಕು ಮಾಡ್ರೋ ಅಂತ. ನನ್ನ ಕೈಲಿ ನೋಡೋಕಾಗ್ಲಿಲ್ಲ. ಸಾಕು ಅಂದೆ. ಸೈನ್ ಹಾಕ್ದೆ. ಹೊರಗೆ ಬಂದು, ಡಾಕ್ಟ್ರೇ ನಿಲ್ಲಿಸಿಬಿಟ್ರು ಅಂತ ನಿಮಗೆಲ್ಲ ಹೇಳ್ದೆ." ಅವನು ಕೈಗವಸಿನ ಅಂಚನ್ನು ಎಳೆದುಕೊಂಡ. "ಹದಿನೆಂಟು ದಿನ. ದಿನಾ ಎಣಿಸಿದೀನಿ. ಈಗ ನನಗೂ ನಿಲ್ಲಿಸಿದ್ರು. ಸರಿಯಾಯ್ತು ಬಿಡು."

ಹನ್ನೆರಡು ವರ್ಷ. ಹಾಲಿನವನ ಹಾಲು ಮೂಸಿದಳು, ಪಕ್ಕದ ಮನೆಯವಳ ನಗು ಮೂಸಿದಳು, ಒಂದೇ ಹಾಸಿಗೆಯಲ್ಲಿ ಮಲಗುವವನ ಎದೆಯೊಳಗಿನ ಇದೊಂದು ಅವಳಿಗೆ ಗೊತ್ತಾಗಲಿಲ್ಲ. ಮೊದಲು ಬಂದದ್ದು ಸಿಟ್ಟು, ತನ್ನಿಂದಲೂ ಮುಚ್ಚಿಟ್ಟನಲ್ಲ ಎಂದು. ಆಮೇಲೆ ಅವನ ಕುತ್ತಿಗೆ ಕಂಡಿತು. ಅಂಗಿಯ ಕಾಲರಿನೊಳಗೆ ಅದು ಎಷ್ಟು ಸಣ್ಣದಾಗಿತ್ತೆಂದರೆ, ಸಿಟ್ಟು ನಿಲ್ಲಲು ಜಾಗವೇ ಸಿಗಲಿಲ್ಲ.

"ತಂಗಿಗೆ ಹೇಳ್ಬೇಡ" ಎಂದ.

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ನಾದಿನಿಯೇ. "ಏನಾಯ್ತು ಅತ್ತಿಗೆ? ನಿಲ್ಲಿಸಿಬಿಟ್ರಾ?"

"ನಿಲ್ಲಿಸಿಲ್ಲ ಕಣೇ. ಮೂರು ವಾರ ತಡೆದಿದಾರೆ, ಅಷ್ಟೇ. ಮೈಗೆ ಸ್ವಲ್ಪ ಸುಧಾರಿಸ್ಕೊಳ್ಳೋಕೆ ಬಿಡ್ತಾರೆ."

"ಅಮ್ಮನಿಗೂ ಹೀಗೇ ನಿಲ್ಲಿಸಿದ್ರಲ್ಲ ಅತ್ತಿಗೆ" ಎಂದು ನಾದಿನಿ ಬಿಕ್ಕಿ, ಮಾತು ಹೊರಡದೆ ಫೋನು ಇಟ್ಟುಬಿಟ್ಟಳು.

ಪತ್ತೇದಾರಮ್ಮ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ದನಿಯನ್ನು ಸ್ವಲ್ಪ ಎತ್ತರಿಸಿದಳು.

"ಅಮ್ಮಂದೇ ಬೇರೆ ಕಣೇ, ಇದೇ ಬೇರೆ. ನಾನು ಮೊನ್ನೆ ಡಾಕ್ಟರಮ್ಮನ್ನ ಬಿಡಿಸಿ ಬಿಡಿಸಿ ಕೇಳಿದೀನಿ. ಅಮ್ಮನಿಗೆ ಆಗ್ಲೇ ಔಷಧಿ ನಾಟ್ತಿರ್ಲಿಲ್ಲವಂತೆ. ಇನ್ನೆರಡು ಸಲ ಅಲ್ಲ, ಇಪ್ಪತ್ತು ಸಲ ಕೊಟ್ಟಿದ್ರೂ ಅಷ್ಟೇ ಅಂತೆ. ನೋವು ಮಾತ್ರ ಜಾಸ್ತಿ ಆಗ್ತಿತ್ತಂತೆ. ಅವತ್ತು ನಿಲ್ಲಿಸಿದ್ದೇ ಒಳ್ಳೇದಾಯ್ತು ಅಂದ್ರು. ಹೂಂ. ಹೂಂ, ಖಂಡಿತ. ನಾನು ಕೇಳದೇ ಬಿಡ್ತೀನಾ?"

ಅವಳು ಯಾವ ಡಾಕ್ಟರಮ್ಮನನ್ನೂ ಕೇಳಿರಲಿಲ್ಲ. ಅದು ನಿಜವೋ ಸುಳ್ಳೋ ಅವಳಿಗೆ ಎಳ್ಳಷ್ಟೂ ಗೊತ್ತಿರಲಿಲ್ಲ.

ಫೋನನ್ನು ಮಡಿಲಲ್ಲಿಟ್ಟುಕೊಂಡಳು. ಅವನು ಅದರ ಕಪ್ಪು ಪರದೆಯನ್ನು ನೋಡಿದ. ನಾದಿನಿಯ ದನಿ ಎಷ್ಟು ಹೊತ್ತಿಗೆ ನಿಂತಿತ್ತು ಎನ್ನುವುದು ಪಕ್ಕದಲ್ಲೇ ಕೂತಿದ್ದ ಅವನಿಗೂ ಕೇಳಿಸಿತ್ತು. ಸಿಕ್ಕಿಬಿದ್ದೆ ಎಂದುಕೊಂಡಳು. ಸುಳ್ಳು ತೂಕವನ್ನು ಜನ್ಮದಲ್ಲಿ ಕ್ಷಮಿಸದವನು ಈಗ ಏನನ್ನುತ್ತಾನೋ ಎಂದು ಕಾದಳು.

ಅವನು ಕೈಗವಸು ಹಾಕಿದ್ದ ಕೈಯನ್ನು ಬೆಂಚಿನ ಮೇಲೆ ಅವಳ ಕೈಯವರೆಗೆ ಸರಿಸಿದ.

"ಇನ್ನೊಂದ್ಸಲ ಹೇಳು" ಎಂದ.

"ಏನು?"

"ಅಮ್ಮಂದು. ಡಾಕ್ಟರಮ್ಮ ಏನಂದ್ರು, ಇನ್ನೊಂದ್ಸಲ ಹೇಳು."

ಅವಳು ಮೊದಲಿನಿಂದ ಹೇಳಿದಳು.